ಗಾಳ ಹಿಡಿದು ಕಡಲು ದಾಟಿದವರು

ಎರಡು ವರ್ಷಗಳ ಹಿಂದೆ ಬಂಧುಗಳೊಬ್ಬರನ್ನು ಬೀಳ್ಕೊಡುವ ನಿಮಿತ್ತವಾಗಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗುವ ಪ್ರಸಂಗವೊದಗಿತು. ಹೊರಬಾಗಿಲಿನ ಬಳಿ ನಿಂತಿರುವಾಗ ಪರದೇಶದ ವೃದ್ಧರೊಬ್ಬರು ಆಳೆತ್ತರದ ಒಂದು ದುಂಡು ಕೊಳವೆಯನ್ನು ಎಳೆಯ ಮಗುವನ್ನು ಹಿಡಿದಂತೆ ತಬ್ಬಿ ಹಿಡಿದು ಬರುತ್ತಿರುವುದು ಕಣ್ಣಿಗೆ ಬಿತ್ತು. ಅದರೊಳಗೆ ಯಾವುದೋ ವಾದ್ಯವಿರಬೇಕೆಂದು ನಾನು ಭಾವಿಸಿದೆ. ನಮ್ಮನ್ನು ಕರೆತಂದಿದ್ದ ಬಾಡಿಗೆ ಕಾರಿನ ಚಾಲಕನು ನಕ್ಕು, “ವಾದ್ಯವಲ್ಲ ಮೇಷ್ಟ್ರೆ, ಅದು ಗಾಳದ ಕೋಲು. ಮೀನು ಹಿಡಿಯುವುದಕ್ಕೆಂದೇ ಬರುತ್ತಾರೆ. ಹಿಂದೆ ಇಂಥವರನ್ನು ಎಷ್ಟೋ ಮಂದಿಯನ್ನು ಕಾವೇರಿಯ ದಡಕ್ಕೆ ಬಿಟ್ಟು ಬಂದಿದ್ದೇನೆ” ಎಂದನು.

ಊರಿಗೆ ಮರಳಿದ ಮೇಲೆ ಈ ಸಂಗತಿಯನ್ನು ನನ್ನ ತರಗತಿಯ ಮಕ್ಕಳಿಗೆ ಹೇಳಿದೆ. ಕೊಳವಳ್ಳಿಯ ಮಕ್ಕಳಿಗೆ ಗಾಳವು ಹೊಸದೇನಲ್ಲ. ಬಿದಿರ ಕಡ್ಡಿ, ಒಂದು ಮಾರು ದಾರ, ಅಂಗಡಿಯ ಕೊಕ್ಕೆ, ಒಂದು ಎರೆಹುಳು—ಇಷ್ಟಾದರೆ ಅವರ ಮತ್ಸ್ಯಬೇಟೆಗೆ ಸಾಕು. ಅವರಲ್ಲೊಬ್ಬ ಹುಡುಗನು ಎದ್ದು ನಿಂತು, “ಅವರ ಊರಿನಲ್ಲಿ ಹೊಳೆ ಇಲ್ಲವೇ ಸರ್?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನಾದರೂ ಉತ್ತರ ಹೇಳಲಾರದೆ ಹೋದೆ. ಆ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಹೋದಾಗ ಕಂಡುಬಂದ ಚರಿತ್ರೆಯನ್ನು ನಮ್ಮ ಸಂಘದ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕು. ಗಾಳ ಹಾಕುವುದನ್ನು ಹೊಟ್ಟೆಪಾಡಿಗಲ್ಲದೆ ವಿನೋದಕ್ಕಾಗಿ ಮಾಡುವ ರೂಢಿಯನ್ನು ಬಿಳಿಯ ದೊರೆಗಳೇ ನಮಗೆ ಕಲಿಸಿದರೆಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳನ್ನು ಹೇಳುವಾಗ ‘ಮತ್ಸ್ಯವಿನೋದ’ವೆಂಬ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಅವು ಎಲ್ಲಿ ವಾಸಿಸುತ್ತವೆ, ಯಾವುದಕ್ಕೆ ಯಾವ ಇರೆ, ಕೋಲು ಎಂಥದಿರಬೇಕು, ದಾರವನ್ನು ಹೇಗೆ ಹೊಸೆಯಬೇಕು ಎಂಬುದೆಲ್ಲ ಅಲ್ಲಿ ವಿವರವಾಗಿ ಬಂದಿದೆ. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗದ ಮೇಲೆ ಲೇಖನ ಬರೆದು ಆಧುನಿಕ ವಿಜ್ಞಾನಿಗಳ ಗಮನವನ್ನು ಅದರತ್ತ ಸೆಳೆದರು. ಹೀಗೆ ಕನ್ನಡ ನಾಡಿನ ಅರಸನೊಬ್ಬನು ಸುಮಾರು 900 ವರ್ಷಗಳ ಹಿಂದೆಯೇ ಗಾಳದ ಶಾಸ್ತ್ರವನ್ನು ಬರೆದಿಟ್ಟಿದ್ದನು. ಆದರೆ ಆ ಬರೆಯುವ ಪರಂಪರೆ ನಮ್ಮಲ್ಲಿ ಮುಂದುವರಿಯಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಲೇಖನದ ಕೊನೆಯಲ್ಲಿ ಇದಕ್ಕೆ ಮರಳಿ ಬರುತ್ತೇನೆ.

ಇನ್ನು ಕಡಲು ದಾಟಿ ಬಂದವರ ಕಥೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದುದರಿಂದ ಆಫ್ರಿಕವನ್ನು ಬಳಸಿ ಬರಬೇಕಾಗಿದ್ದ ಪ್ರಯಾಣವು ಬಹಳ ಮೊಟಕಾಯಿತು. ಹಬೆಯ ಹಡಗಿನಲ್ಲಿ ಕೆಲವೇ ವಾರಗಳಲ್ಲಿ ಮುಂಬಯಿ ಸೇರುವುದು ಸಾಧ್ಯವಾಯಿತು. ಅಧಿಕಾರಿಗಳೂ ತೋಟದ ದೊರೆಗಳೂ ಸೈನಿಕರೂ ತಮ್ಮ ಪೆಟ್ಟಿಗೆಗಳೊಡನೆ ಗಾಳದ ಕೋಲುಗಳನ್ನೂ ತರತೊಡಗಿದರು. ಇಲ್ಲೊಂದು ಸ್ವಾರಸ್ಯವಿದೆ. ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಮಾಡುವ ಅಂದಿನ ಉತ್ತಮ ಕೋಲುಗಳಿಗೆ ಮೊದಮೊದಲು ಬಳಸುತ್ತಿದ್ದುದು ಕಲ್ಕತ್ತೆಯಿಂದ ಹಡಗೇರಿ ಹೋದ ಬಿದಿರನ್ನೇ. ನಮ್ಮ ದೇಶದ ಬಿದಿರು ಕಡಲು ದಾಟಿ ಹೋಗಿ, ನಯವಾದ ಮೈಯನ್ನೂ ಹಿತ್ತಾಳೆಯ ಬಳೆಗಳನ್ನೂ ಪಡೆದು, ದೊಡ್ಡ ಬೆಲೆಯೊಂದಿಗೆ ಮರಳಿ ಬಂದ ಪ್ರಸಂಗಗಳೂ ಇದ್ದಿರಬೇಕು!

ಈ ವಿದ್ಯೆಯ ಮೊದಲ ದೊಡ್ಡ ಗ್ರಂಥವು ಹೊರಟುದು ಲಂಡನ್ನಿನಿಂದಲ್ಲ, ನಮ್ಮ ಮಂಗಳೂರಿನಿಂದ. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸುಲಿವನ್ ಥಾಮಸ್ ಎಂಬವರು 1873ರಲ್ಲಿ ಅಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವು ಮುಂದೆ ಹಲವು ಮುದ್ರಣಗಳನ್ನು ಕಂಡು, ಭಾರತಕ್ಕೆ ಗಾಳ ಹೊತ್ತು ಬರುವವರಿಗೆಲ್ಲ ಕೈಪಿಡಿಯಾಯಿತು. ಥಾಮಸರು ಬರಿಯ ವಿನೋದಪ್ರಿಯರಾಗಿರಲಿಲ್ಲ. ಹೊಳೆಗೆ ವಿಷ ಹಾಕಿ ಮರಿಗಳನ್ನೂ ಬಿಡದೆ ಕೊಲ್ಲುವ ಪದ್ಧತಿಯ ವಿರುದ್ಧ ಅವರು ಸರಕಾರಕ್ಕೆ ಬರೆಯುತ್ತ ಬಂದರು. ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿದ ಭಾರತೀಯ ಮೀನುಗಾರಿಕೆಯ ಕಾಯಿದೆ 1897ರಲ್ಲಿ ಬಂದಿತು.

ಹುಡುಗನ ಪ್ರಶ್ನೆಗೆ ಉತ್ತರವು ಆ ಪುಸ್ತಕದಲ್ಲಿಯೇ ಇದೆಯೆನ್ನಬಹುದು. ಅವರ ಊರಿನಲ್ಲಿ ಹೊಳೆಗಳಿವೆ. ಸಾಲ್ಮನ್ ಎಂಬ ಹೆಸರಾಂತ ಮೀನೂ ಇದೆ. ಆದರೆ ಮಹಶೀರ್ ಎಂಬ ಮೀನು ಅಲ್ಲಿಲ್ಲ. ಕಾವೇರಿಯ ತೀರದವರು ಬಿಳಿಮೀನೆಂದು ಕರೆಯುತ್ತ ಬಂದ ಈ ಜಾತಿಯು ಬಲದಲ್ಲಿ ಸಾಲ್ಮನ್ನನ್ನೂ ಮೀರಿಸುವುದೆಂದು ಥಾಮಸರು ಸಾರಿದರು. ಅದರಲ್ಲಿಯೂ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇದ್ದ ಒಂದು ಬಗೆಯುಂಟು: ಕಿತ್ತಳೆ ಬಣ್ಣದ ಈಜುರೆಕ್ಕೆ, ತಲೆಯ ಹಿಂದೆಯೇ ಗೂನಿನಂತೆ ಉಬ್ಬಿದ ಬೆನ್ನು, ಅಂಗೈಯಗಲದ ಹೊನ್ನಿನ ಬಣ್ಣದ ಹುರುಪೆಗಳು. ಮಹಶೀರ್‌ಗಳಲ್ಲೆಲ್ಲ ಅತಿ ದೊಡ್ಡದಾಗಿ ಬೆಳೆಯುವುದು ಇದೇ. ಈ ಗೂನುಬೆನ್ನಿನ ಮೀನಿಗಾಗಿಯೇ ಜನ ಕಡಲು ದಾಟಿದುದು.

1919ರ ಡಿಸೆಂಬರಿನಲ್ಲಿ ಕರ್ನಲ್ ರಿವೆಟ್-ಕಾರ್ನಾಕ್ ಎಂಬವರು ಕಾವೇರಿಯಲ್ಲಿ 119 ಪೌಂಡು ತೂಗುವ ಮಹಶೀರನ್ನು ಗಾಳದಿಂದ ಹಿಡಿದರು. ಈ ದಾಖಲೆಯನ್ನು 26 ವರ್ಷ ಯಾರೂ ಮುರಿಯಲಿಲ್ಲ. ಕೊನೆಗೆ 1946ರ ಮಾರ್ಚಿನಲ್ಲಿ ಡಿ ವೆಟ್ ವ್ಯಾನ್ ಇಂಗೆನ್ ಎಂಬವರು ಒಂದೇ ಒಂದು ಪೌಂಡಿನಷ್ಟು ಹೆಚ್ಚು ತೂಗುವ, ಎಂದರೆ 120 ಪೌಂಡಿನ ಮೀನನ್ನು ಹಿಡಿದರು. ನಮ್ಮ ಅಳತೆಯಲ್ಲಿ ಅದು 54 ಕಿಲೋಗ್ರಾಂ. ಒಂದು ಮೂಟೆ ಅಕ್ಕಿಗಿಂತ ಹೆಚ್ಚಿನ ಭಾರ. ಗಾಳಕ್ಕೆ ಸಿಕ್ಕಿದ ಮಹಶೀರ್‌ಗಳಲ್ಲಿ ಅತಿ ದೊಡ್ಡದೆಂದು ಜಗತ್ತು ಇಂದಿಗೂ ಲೆಕ್ಕಿಸುವುದು ಅದನ್ನೇ. ಅದು ಸಿಕ್ಕಿದ ನದಿ ಯಾವುದೆಂಬುದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅದು ಕಬಿನಿ! ಮಾನಂತವಾಡಿ ಹೊಳೆಯೂ ಪನಮರಂ ಹೊಳೆಯೂ ಕೂಡಿ ಹುಟ್ಟಿ, ನಮ್ಮ ಸೀಮೆಯ ಗಡಿಯಲ್ಲಿ ಹರಿದು, ಬೈರಕುಪ್ಪೆಯ ಮಗ್ಗುಲಿನಿಂದ ಕನ್ನಡ ನಾಡನ್ನು ಹೊಕ್ಕು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಅದೇ ಕಪಿಲೆ.

ವ್ಯಾನ್ ಇಂಗೆನ್ ಕುಟುಂಬದವರು ಮೈಸೂರಿನಲ್ಲಿ ನೆಲೆಸಿದ್ದವರು. ಬೇಟೆಯ ಪ್ರಾಣಿಗಳ ತೊಗಲನ್ನು ಹದಮಾಡಿ, ಜೀವಂತವಾಗಿರುವಂತೆ ತುಂಬಿ ನಿಲ್ಲಿಸುವ ಉದ್ಯೋಗದಲ್ಲಿ ಜಗತ್ಪ್ರಸಿದ್ಧರು. ಆದುದರಿಂದ ಡಿ ವೆಟ್ ಅವರು ಸ್ವತಃ ಗಾಳ ಹೊತ್ತು ಕಡಲು ದಾಟಿ ಬಂದವರಲ್ಲ. ಆದರೆ ಅವರ ಕೈಯಲ್ಲಿದ್ದ ವಿದ್ಯೆ ಕಡಲಾಚೆಯದು. ಅದರೊಡನೆ ಬಂದ ಒಂದು ಅಭ್ಯಾಸವೂ ಕಡಲಾಚೆಯದು. ಅದು, ಹಿಡಿದ ಮೀನನ್ನು ಕೂಡಲೆ ತೂಗಿ ದಿನ, ಸ್ಥಳ, ತೂಕಗಳನ್ನು ಬರೆದಿಡುವ ಅಭ್ಯಾಸ. ನಮ್ಮ ಕಡೆಯ ಹೊಳೆದಂಡೆಯ ಜನರಿಗೆ ಅದಕ್ಕಿಂತಲೂ ದೊಡ್ಡ ಮೀನು ಎಂದೂ ಸಿಕ್ಕಿರಲಿಲ್ಲವೆಂದು ಯಾರು ಹೇಳಬಲ್ಲರು? ಸಿಕ್ಕಿದ್ದರೂ ಅದು ಅಂದಿನ ಸಾರಿನೊಡನೆಯೇ ಮುಗಿದು ಹೋಯಿತು, ಕಾಗದಕ್ಕೆ ಏರಲಿಲ್ಲ.

1947ರ ಬಳಿಕ ಬಿಳಿಯರು ಮರಳಿ ಹೋದರು. ಅವರೊಡನೆ ಈ ಮೀನಿನ ಸುದ್ದಿಯೂ ಹಿಂದಿರುಗಿತು. ಕಾವೇರಿಯ ದೊಡ್ಡ ಮಹಶೀರ್ ಅಳಿದೇ ಹೋಯಿತೆಂದು ಅನೇಕರು ಭಾವಿಸಿದ್ದರು. 1977ರಲ್ಲಿ ಮೂವರು ಆಂಗ್ಲ ತರುಣರು ಭೂಮಾರ್ಗವಾಗಿಯೇ ಭಾರತಕ್ಕೆ ಹೊರಟು ಬಂದರು. ಮರುವರ್ಷ, 1978ರಲ್ಲಿ, ಅವರ ತಂಡದ ಗಾಳಕ್ಕೆ ಕಾವೇರಿಯಲ್ಲಿ 92 ಪೌಂಡಿನ ಮೀನೊಂದು ಬಿದ್ದಿತು. ಮೀನು ಇನ್ನೂ ಇದೆ ಎಂಬ ವಾರ್ತೆಯು ಇಂಗ್ಲೆಂಡಿಗೆ ತಲುಪಿತು. ಮುಂದಿನವರು ವಿಮಾನವನ್ನೇರಿ ಬಂದರು.

ವಿಮಾನಯಾನವು ಈ ಹೊತ್ತಿಗೆ ಜನಸಾಮಾನ್ಯರ ಕೈಗೆ ಎಟಕುತ್ತಿತ್ತು. 1948ರ ಜೂನ್ 8ರಂದು ಏರ್ ಇಂಡಿಯಾ ಮುಂಬಯಿಯಿಂದ ಲಂಡನ್ನಿಗೆ ಮೊದಲ ಹಾರಾಟವನ್ನು ನಡೆಸಿದಾಗ ಅದು ಸಿರಿವಂತರ ಸವಾರಿ. 1970ರ ದಶಕದಲ್ಲಿ ನೂರಾರು ಮಂದಿಯನ್ನು ಒಮ್ಮೆಗೇ ಹೊರುವ ಜಂಬೋ ವಿಮಾನಗಳು ಬಂದಮೇಲೆ ಶಾಲಾ ಶಿಕ್ಷಕನಾಗಲಿ ಕಾರ್ಖಾನೆಯ ಕೆಲಸಗಾರನಾಗಲಿ ವರ್ಷವಿಡೀ ಹಣ ಕೂಡಿಟ್ಟು ಬೇರೊಂದು ಖಂಡದ ಹೊಳೆಗೆ ಹೋಗಿ ಬರುವುದು ಸಾಧ್ಯವಾಯಿತು. ಸಾಮಗ್ರಿಯೂ ಕಾಲಕ್ಕೆ ತಕ್ಕಂತೆ ಬದಲಾಯಿತು. ಬಿದಿರ ಕೋಲಿಗೆ ಬದಲಾಗಿ ಗಾಜಿನ ನಾರಿನದು, ಅನಂತರ ಇಂಗಾಲದ ನಾರಿನದು ಬಂದಿತು. ಮೂರು ನಾಲ್ಕು ತುಂಡುಗಳಾಗಿ ಬಿಚ್ಚಿ ಕೊಳವೆಯಲ್ಲಿಡಬಹುದಾದ ಪ್ರಯಾಣದ ಕೋಲುಗಳು ತಯಾರಾದುವು. ದೊಡ್ಡ ಕೊಕ್ಕೆಗಳು ಹರಿತವಾದುದರಿಂದ ಅವನ್ನು ಕೈಚೀಲದಲ್ಲಿಡದೆ ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿಯೇ ಇಡಬೇಕು. ನಾನು ನಿಲ್ದಾಣದಲ್ಲಿ ಕಂಡ ಕೊಳವೆಯ ಗುಟ್ಟು ಇದು.

ಆದರೆ ಇಷ್ಟೆಲ್ಲ ಹೊತ್ತು ತಂದವರೂ ಒಂದನ್ನು ಮಾತ್ರ ತರಬೇಕಾಗಿರಲಿಲ್ಲ, ಅದೇ ಇರೆ. ಕಾವೇರಿಯ ಮಹಶೀರಿಗೆ ಅತ್ಯಂತ ಪ್ರಿಯವಾದುದು ರಾಗಿ! ರಾಗಿಯ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಬೇಯಿಸಿ, ಕೊಕ್ಕೆಗೆ ಸಿಕ್ಕಿಸಿ ಬಂಡೆಗಳ ನಡುವಣ ಸುಳಿಗೆ ಎಸೆಯುತ್ತಿದ್ದರು. ಸಾವಿರಾರು ರೂಪಾಯಿಗಳ ಕೋಲಿನ ತುದಿಯಲ್ಲಿ ನಮ್ಮ ಬಡವರ ಮುದ್ದೆ. ಅದನ್ನು ಹದವಾಗಿ ಬೇಯಿಸಲು, ಮೀನಿನ ನೆಲೆಯನ್ನು ತಿಳಿಯಲು, ಹರಿಗೋಲನ್ನು ಸುಳಿಯಿಂದ ಪಾರುಮಾಡಲು ಹೊಳೆದಂಡೆಯ ಕನ್ನಡಿಗರೇ ಬೇಕಾಗಿತ್ತು. ಶಿವನಸಮುದ್ರದಿಂದ ಕೆಳಗೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂಬಲ್ಲಿ ಬೀಡುಗಳು ಎದ್ದುವು. ಮೊದಲು ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರೇ ಇಲ್ಲಿ ಸಂಬಳದ ಕಾವಲುಗಾರರೂ ದಾರಿತೋರುವವರೂ ಆದರು. ಹಳೆಯ ದೊರೆಗಳು ಹಿಡಿದ ಮೀನನ್ನು ಕೊಂದು ಗೋಡೆಗೆ ತೂಗು ಹಾಕುತ್ತಿದ್ದರೆ, ಇವರು ತೂಗಿ, ಚಿತ್ರ ತೆಗೆದು, ಜೀವಸಹಿತ ಹೊಳೆಗೇ ಬಿಡುತ್ತಿದ್ದರು. ಬರೆದಿಡುವ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು.

ಈ ಅಭ್ಯಾಸದ ಬೆಲೆ ಮುಂದೆ ಗೊತ್ತಾಯಿತು. ಗಾಳಿಬೋರೆಯ ಬೀಡಿನಲ್ಲಿ 1998ರಿಂದ 2012ರ ವರೆಗೆ ಬರೆದಿಟ್ಟ ಪುಸ್ತಕಗಳನ್ನು ಇಂಗ್ಲೆಂಡಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. 23,620 ಗಂಟೆಗಳ ಗಾಳ, 6,161 ಮೀನುಗಳು. ಅತಿ ಚಿಕ್ಕದು 1 ಪೌಂಡು, ಅತಿ ದೊಡ್ಡದು 104 ಪೌಂಡು. ಲೆಕ್ಕ ಹಾಕಿದರೆ ಒಂದು ಮೀನಿಗೆ ಹೆಚ್ಚುಕಡಿಮೆ 4 ಗಂಟೆಗಳ ಕಾಯುವಿಕೆ. ವರ್ಷದಿಂದ ವರ್ಷಕ್ಕೆ ಸಿಗುವ ಮೀನುಗಳ ಸಂಖ್ಯೆ ಹೆಚ್ಚುತ್ತಿತ್ತು. ಸರಾಸರಿ ತೂಕ ಮಾತ್ರ ಇಳಿಯುತ್ತಿತ್ತು. ಸಂಖ್ಯೆಯನ್ನಷ್ಟೇ ನೋಡಿದವರು ಸಂತೋಷಪಡಬಹುದಾಗಿತ್ತು. ಪುಸ್ತಕವನ್ನು ಬಗೆ ಬಗೆಯಾಗಿ ವಿಂಗಡಿಸಿ ಓದಿದಾಗ ನಿಜಸ್ಥಿತಿ ಹೊರಬಿದ್ದಿತು. ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯ ಮಹಶೀರ್. ಗೂನುಬೆನ್ನಿನದರಲ್ಲಿ ಎಳೆಯ ಮೀನುಗಳು ಕಾಣುತ್ತಲೇ ಇರಲಿಲ್ಲ. ಮುದುಕರು ಮಾತ್ರ ಉಳಿದ ಮನೆಯಂತಾಗಿತ್ತು ಅದರ ಕುಲ.

ನೀಲಿ ರೆಕ್ಕೆಯದು ಕಾವೇರಿಗೆ ಹೊರಗಿನದು. ಅದರ ತವರು ಕೃಷ್ಣಾ ನದಿಯ ಪ್ರದೇಶ. ಮಹಶೀರ್ ಕುಲವು ಉಳಿಯಲೆಂಬ ಸದುದ್ದೇಶದಿಂದಲೇ 1970ರ ದಶಕದಿಂದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಅದರ ಮರಿಗಳನ್ನು ಅಲ್ಲಲ್ಲಿ, ಕಾವೇರಿಗೂ, ತಂದು ಬಿಟ್ಟಿದ್ದರು. ಒಳ್ಳೆಯದನ್ನು ಮಾಡಹೊರಟ ಕೈಯೇ ಕೆಡುಕಿಗೂ ಕಾರಣವಾದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ? ಗಾಳ ಹೊತ್ತು ಹಾರುವವರೂ ಅರಿಯದೆಯೇ ಕೇಡನ್ನು ಹೊತ್ತೊಯ್ಯಬಲ್ಲರು. 2004ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಯೊಂದರಲ್ಲಿ ‘ಡಿಡಿಮೊ’ ಎಂಬ ಪಾಚಿ ಕಾಣಿಸಿತು. ಮೀನು ಹಿಡಿಯುವವರ ಒದ್ದೆ ಬೂಟು ಮತ್ತು ಸಲಕರಣೆಗಳಿಗೆ ಅಂಟಿಕೊಂಡು ಒಂದು ನೀರಿನಿಂದ ಇನ್ನೊಂದಕ್ಕೆ ಹರಡುವ ಪಾಚಿ ಅದು. ಬೆಣಚು ಕಲ್ಲುಗಳನ್ನು ಕಂಬಳಿಯಂತೆ ಮುಚ್ಚುತ್ತದೆ. ಆ ದೇಶವು 2008ರಿಂದ ಉಣ್ಣೆಬಟ್ಟೆಯ ಅಟ್ಟೆಯುಳ್ಳ ಬೂಟುಗಳನ್ನೇ ಮೀನುಗಾರರಿಗೆ ನಿಷೇಧಿಸಿತು. ಒಗೆದು ಒಣಗಿಸದ ಒಂದು ಬೂಟು ಒಂದು ನದಿಗೆ ರೋಗವಾಗಬಲ್ಲದು.

ಕಾವೇರಿಯ ಬೀಡುಗಳು 2012ರಲ್ಲಿ ಗಾಳವನ್ನು ನಿಲ್ಲಿಸಬೇಕಾಯಿತು. ವನ್ಯಜೀವಿಧಾಮದ ಒಳಗೆ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ ಎಂಬುದು 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಆಶಯ. ಹಿಡಿದು ಬಿಟ್ಟರೇನು, ಕೊಕ್ಕೆಯ ನೋವು ನೋವಲ್ಲವೇ ಎಂಬ ಮಾತನ್ನು ತಳ್ಳಿಹಾಕಲಾಗದು. ಗಾಳದವರು ಹೋದರೆ ಕಾವಲೂ ಹೋಗುತ್ತದೆ, ಸಿಡಿಮದ್ದು ಮರಳಿ ಬರುತ್ತದೆ ಎಂದು ವಿಜ್ಞಾನಿಗಳು ಎಚ್ಚರಿಸಿದುದನ್ನೂ ತಳ್ಳಿಹಾಕಲಾಗದು. ಎರಡು ಪಕ್ಷಗಳಲ್ಲಿಯೂ ನ್ಯಾಯವಿದೆ. ನಾನು ಇಲ್ಲಿ ತೀರ್ಪುಗಾರನಲ್ಲ. ಆದರೆ ಬೀಡುಗಳು ಮುಚ್ಚಿದ ದಿನವೇ ಬರೆಯುವ ಪುಸ್ತಕವೂ ಮುಚ್ಚಿತು ಎಂಬುದನ್ನು ಮಾತ್ರ ಹೇಳಬೇಕು.

ಇನ್ನೊಂದು ವಿಚಿತ್ರವನ್ನು ಕೇಳಿರಿ. ಇಷ್ಟು ಜನ ಇಷ್ಟು ದೂರದಿಂದ ಅರಸಿ ಬಂದ ಈ ಮೀನಿಗೆ ಶಾಸ್ತ್ರಸಮ್ಮತವಾದ ಹೆಸರೇ ನಿರ್ಣಯವಾಗಿರಲಿಲ್ಲ! 2007ರಲ್ಲಿ ಕೇರಳದ ಪಾಂಬಾರಿನ ಒಂದು ಸಣ್ಣ ಮಹಶೀರಿಗೆ, ಪ್ರಾಣಿಶಾಸ್ತ್ರಜ್ಞೆ ಡಾ. ರೇಮಾದೇವಿಯವರ ಗೌರವಾರ್ಥವಾಗಿ, ‘ಟಾರ್ ರೇಮಾದೇವಿಯೈ’ ಎಂದು ಹೆಸರಿಟ್ಟಿದ್ದರು. ಕಾವೇರಿಯ ದೈತ್ಯನೂ ಪಾಂಬಾರಿನ ಆ ಮೀನೂ ಒಂದೇ ಎಂಬುದು 2018ರಲ್ಲಿ, ಮೋಯಾರ್ ನದಿಯಲ್ಲಿ ದೊರೆತ ಮಾದರಿಗಳಿಂದ ಸಿದ್ಧವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಸಂಸ್ಥೆಯು ಅದನ್ನು ಅಳಿವಿನಂಚಿನ ಜೀವಿಗಳಲ್ಲಿಯೂ ಅತ್ಯಂತ ಕೆಟ್ಟ ಸ್ಥಿತಿಯ ಪಟ್ಟಿಗೆ ಸೇರಿಸಿತು. ನಾಮಕರಣ ಮುಗಿಯುವುದರೊಳಗೆ ಪ್ರಾಣ ಕಂಠಕ್ಕೆ ಬಂದಿತ್ತು.

ನಮ್ಮ ಕಬಿನಿಯ ಮಾತೇನು? ಮಹಶೀರ್ ಮಳೆಗಾಲದ ಹೊಸನೀರಿಗೆ ಎದುರೀಜಿ, ಮೇಲಿನ ತೊರೆಗಳ ಬೆಣಚು ಕಲ್ಲುಗಳ ನಡುವೆ ಮೊಟ್ಟೆಯಿಡುವ ಮೀನು. ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ಮುಗಿದಾಗ ಕಾವೇರಿಯಿಂದ ನಮ್ಮ ಸೀಮೆಗೆ ಬರುವ ಮೀನಿನ ಹಾದಿಯು ಮುಚ್ಚಿತು. ಅಣೆಕಟ್ಟಿನಿಂದ ಗದ್ದೆಗಳಿಗೆ ನೀರು ಬಂದಿತು, ಅನ್ನ ಬಂದಿತು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೀನಿನ ಪಾಲಿಗೆ ಅದು ಕದವಿಲ್ಲದ ಗೋಡೆ. ನಮ್ಮೂರಿನ ಹಿರಿಯರೊಬ್ಬರು, ತಾವು ಹುಡುಗರಾಗಿದ್ದಾಗ ಇಬ್ಬರು ಬೊಂಬಿಗೆ ಕಟ್ಟಿ ಹೊತ್ತು ತಂದ ಮೀನೊಂದರ ಬಾಲವು ನೆಲವನ್ನು ಗುಡಿಸುತ್ತಿತ್ತೆಂದು ಹೇಳಿದರು. ಯಾವ ವರ್ಷ ಎಂದು ಕೇಳಿದೆ. “ದೊಡ್ಡ ಮಳೆ ಹಿಡಿದ ವರ್ಷ ಮಗಾ” ಎಂದರು. ಎಷ್ಟು ತೂಕ ಎಂದು ಕೇಳಿದೆ. “ಊರಿಗೆಲ್ಲ ಆಯಿತು” ಎಂದರು. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಹಿಡಿದುಕೊಂಡು ಯಾವ ಕಚೇರಿಯ ಮುಂದೆಯೂ ನಿಂತು ನಮ್ಮ ಹೊಳೆಯಲ್ಲಿ ಇದಿತ್ತು, ಇದನ್ನು ಉಳಿಸಿಕೊಡಿ ಎಂದು ಕೇಳಲಾಗದು. 1946ರ 120 ಪೌಂಡಿನ ಒಂದು ಸಾಲನ್ನು ಹಿಡಿದುಕೊಂಡರೆ ಕೇಳಬಹುದು. ಹೊಳೆಯ ಪಕ್ಕದಲ್ಲಿ ತಲೆತಲಾಂತರದಿಂದ ಬಾಳಿದ ನಾವು ಆ ಸಾಲಿಗಾಗಿ ಪರರ ಪುಸ್ತಕಕ್ಕೆ ಕೈ ನೀಡಬೇಕಾಗಿದೆ. ಮತ್ಸ್ಯವಿನೋದವನ್ನು ಬರೆದ ಅರಸನ ನಾಡಿನವರಿಗೆ ಇದು ಸಾಲದ ಬಾಳು.

ಈ ವರ್ಷ ಶಾಲೆ ತೆರೆದ ವಾರದಲ್ಲಿ 200 ಪುಟಗಳ ಒಂದು ನೋಟುಪುಸ್ತಕವನ್ನು ಕೊಂಡು ತಂದು ಮಕ್ಕಳಿಂದ ಗೆರೆ ಹಾಕಿಸಿದೆ. ದಿನ, ಸ್ಥಳ, ಮೀನಿನ ಹೆಸರು, ಉದ್ದ, ಹಿಡಿದ ಬಗೆ—ಇಷ್ಟೇ ಕಲಮುಗಳು. ಹೆಸರನ್ನು ಅವರವರ ಮನೆಯ ಮಾತಿನಲ್ಲಿಯೇ ಬರೆಯಬೇಕೆಂದು ನಿಯಮ. ಕಾಟುನಾಯಕರ ಹುಡುಗಿ ಹೇಳಿದ ಹೆಸರೊಂದು, ಮಲೆಯಾಳದ ಹುಡುಗ ಹೇಳಿದುದೊಂದು, ಕನ್ನಡದ್ದೊಂದು. ಒಂದೇ ಮೀನಿಗೆ ಮೂರು ಹೆಸರುಗಳು ಒಂದೇ ಸಾಲಿನಲ್ಲಿ ಕುಳಿತುದನ್ನು ಕಂಡು ಮಕ್ಕಳಿಗೇ ಸೋಜಿಗವಾಯಿತು. ಈ ವರೆಗೆ 41 ಸಾಲುಗಳು ತುಂಬಿವೆ. ಎಲ್ಲವೂ ಗೇಣುದ್ದದ ಒಳಗಿನ ಮೀನುಗಳೇ. ಗೂನುಬೆನ್ನಿನದು ಒಂದೂ ಇಲ್ಲ.

ಮೊದಲು ಪ್ರಶ್ನೆ ಕೇಳಿದ ಹುಡುಗನೇ ಮೊನ್ನೆ ಪುಸ್ತಕವನ್ನು ಮಗುಚುತ್ತ, “ಆ ದೊಡ್ಡದು ಸಿಕ್ಕಿದರೆ ಏನು ಮಾಡುವುದು ಸರ್?” ಎಂದನು. ಅಳೆದು ಬರೆದು ನೀರಿಗೆ ಬಿಡು ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಅಮ್ಮನಿಗೆ ತೋರಿಸಿದ ಮೇಲೆ ಬಿಡಬಹುದೇ ಎಂದು ಕೇಳಿದನು.

ನಮ್ಮ ಸಂಘದ ಸದಸ್ಯರಲ್ಲಿ ಹೊಳೆದಂಡೆಯ ಶಾಲೆಗಳಲ್ಲಿ ಪಾಠ ಹೇಳುವವರು ಹಲವರಿದ್ದಾರೆ. ಒಂದು ನೋಟುಪುಸ್ತಕದ ಖರ್ಚು ಯಾರಿಗೂ ಭಾರವಾಗದೆಂದು ನಂಬಿದ್ದೇನೆ.